ಫರ್ಸಿಯ ನಡುವಿನ ಹುಲ್ಲು

ಶಹಾಬಾದಿನಲ್ಲಿ ಹನ್ನೆರಡರ ಹೊತ್ತಿಗೆ ನೆರಳೂ ಬೆವರುತ್ತದೆ.
ಕರಿಹಲಗೆಯ ಮೇಲೆ ಆರು ಬಾಗಿದ ಗೆರೆ ಎಳೆದೆ,
ಒಂದರ ಕೆಳಗೊಂದು, ತುದಿಗೆ ತುಸು ಉಬ್ಬು,
ಸುತ್ತ ನಾಲ್ಕಾರು ಸೊನ್ನೆ.
"ಗಾಲ್ಗಿ ಸಂಕೀರ್ಣ. ಎರಡು ಮಾರ್ಕಿನ ಪ್ರಶ್ನೆ. ಬರಕೊಳ್ರಿ."

ಮೂರನೇ ಬೆಂಚಿನ ಜೈಬುನ್ನಿಸಾ ಬರಕೊಳ್ಳಲಿಲ್ಲ.
"ಮೇಡಂ, ಇವುಗಳ ನಡು ಏನ್ ಇಟ್ಟಾರ?"
"ಏನಿಲ್ಲ. ಖಾಲಿ."
"ಖಾಲಿ ಇದ್ರ ನಿಲ್ಲಂಗಿಲ್ರಿ.
ನಮ್ಮಪ್ಪ ಲಾರಿಗಿ ಫರ್ಸಿ ತುಂಬ್ತಾನ.
ನಡು ಹುಲ್ಲು ಇಡದಿದ್ರ
ಮಳಖೇಡ ದಾಟೂದ್ರಾಗ ಎಲ್ಲಾ ಚೂರು."

ಕ್ಲಾಸು ನಕ್ಕಿತು. ನಾನೂ ನಕ್ಕೆ,
ಗೊತ್ತಿಲ್ಲದವರು ನಗುವ ಹಾಗೆ.
ಹದಿನೇಳು ವರ್ಷ ಇದೇ ಚಿತ್ರ ಬರೆದವಳು
ಆ ಸಂದಿಗೆ ಒಮ್ಮೆಯೂ ಇಣುಕಿಲ್ಲ.

ರಾತ್ರಿ ಕರೆಂಟು ಹೋದ ಮೇಲೆ ಫೋನಿನ ಬೆಳಕಲ್ಲಿ ಓದಿದೆ.
ಸಂದಿಯಲ್ಲಿ ಪ್ರೋಟೀನುಗಳಿವೆ,
ಈ ಪೊರೆಯಿಂದೊಂದು, ಆ ಪೊರೆಯಿಂದೊಂದು
ಕೈ ಚಾಚಿ ಎದುರಿನ ಕೈ ಹಿಡಿದು ನಿಂತವು.
ಗಾಲ್ಜಿನ್ ಅಂತ ಇನ್ನೊಂದು ಬಳಗ,
ಹುರಿಗೊಂಡ ಹಗ್ಗದಂಥವು;
ಬುಡವನ್ನು ಪೊರೆಗೆ ಕಟ್ಟಿಕೊಂಡು ಹೊರಗೆ ತೂಗುತ್ತ
ತೇಲಿ ಬರುವ ಗುಳ್ಳೆಗಳನ್ನು ಹಿಡಿದೆಳೆಯುತ್ತವೆ.
ಕೈಹಿಡಿದವು ಮುಖಕ್ಕೆ ಮುಖ ಕೂಡಿಸುತ್ತವೋ
ಅಂಚನ್ನಷ್ಟೇ ಹೊಲಿಯುತ್ತವೋ
ಬಲ್ಲವರ ತಕರಾರು ಇನ್ನೂ ಮುಗಿದಿಲ್ಲವಂತೆ.
ಯಾಕೋ ನನಗದು ಸಮಾಧಾನವೇ ಆಯಿತು.

ಒಂದು ಸಾಲಿನಲ್ಲಿ ಮಾತ್ರ ತಡೆದೆ:
ಕೋಶ ಎರಡಾಗುವ ಹೊತ್ತು
ಆ ಕೈಗಳಿಗೆ ಫಾಸ್ಫೇಟು ಅಂಟುತ್ತದೆ, ಹಿಡಿತ ಸಡಿಲುತ್ತದೆ.
ಅಷ್ಟು ಚಂದದ ಅಟ್ಟಿ ನುಚ್ಚುನುಚ್ಚಾಗಿ
ಎರಡೂ ಮನೆಗೆ ಹಂಚಿಹೋಗುತ್ತದೆ.
ಆಮೇಲೆ ಯಾರೋ ಫಾಸ್ಫೇಟು ಒರೆಸುತ್ತಾರೆ.
ಕೈಗೆ ಕೈ ಮತ್ತೆ ಸಿಗುತ್ತದೆ,
ಎರಡು ಕಡೆ ಎರಡು ಅಟ್ಟಿ.

ರವಿವಾರ ಗಣಿಯ ಕಡೆ ಹೋದೆ.
ಮಶಾಕಸಾಬ ಲಾರಿಯ ಮೇಲಿದ್ದ,
ಹೆಬ್ಬೆರಳ ಉಗುರು ಕರ್ರಗೆ, ಎಂದೋ ಕಲ್ಲು ಬಿದ್ದದ್ದು.
ಫರ್ಸಿ ಆನಿಸಿ, ಒಂದು ಹಿಡಿ ಹುಲ್ಲು ತುರುಕಿ,
ಅಂಗೈ ಬುಡದಿಂದ ಗುದ್ದಿ, ಮತ್ತೊಂದು ಫರ್ಸಿ.
ಲೆಕ್ಕವಿಲ್ಲ, ಮಾತಿಲ್ಲ.
ಒಂದು ಎಳೆ ಜಗ್ಗಿ ನೋಡಿದೆ. ಬರಲಿಲ್ಲ.
"ಹೈದ್ರಾಬಾದಿನಾಗ ಇಳಿಸಿದ ಮ್ಯಾಲ ಹುಲ್ಲು ಏನ್ ಮಾಡ್ತೀರಿ?"
"ಏನ್ ಮಾಡೂದ್ರಿ ಮೇಡಂ. ಅಲ್ಲೇ ಯಾರದರೆ ಎಮ್ಮಿ ತಿಂತದ."

ದಾರಿಯುದ್ದಕ್ಕೂ ಹೋಲಿಕೆ ಹೊಸೆದುಕೊಂಡು ಬಂದಿದ್ದೆ,
ಎಮ್ಮೆ ಅದನ್ನೂ ತಿಂದುಹಾಕಿತು.

ಸೋಮವಾರ ಅದೇ ಆರು ಗೆರೆ. ನಡುವೆ
ಸೀಮೆಸುಣ್ಣದ ತುದಿಯಿಂದ ಸಣ್ಣ ಸಣ್ಣ ಗೀರು ಹಾಕಿದೆ.
"ಪರೀಕ್ಷಾಕ ಬರ್ತದೇನ್ರಿ?" ಹಿಂದಿನಿಂದ ಯಾರೋ.
"ಬರಂಗಿಲ್ಲ. ಹಾಕ್ಕೊಳ್ರಿ."
ಜೈಬುನ್ನಿಸಾಳ ನೋಟುಬುಕ್ಕಿನಲ್ಲಿ ಅವು ಆಗಲೇ ಇದ್ದವು,
ಶುಕ್ರವಾರದ ತಾರೀಖಿನ ಕೆಳಗೆ,
ಒಂದರ ತುದಿ ಬಗ್ಗಿ ಹೊರಗೆ ಚಾಚಿತ್ತು.