ಹಡಗಿಗೆ ಸೊನ್ನೆ

ಪೆಟ್ಟಿಗೆ ಬಂದದ್ದು ಮಾಸ್ಕೋದಿಂದ, ಅರವತ್ತು ಚಿತ್ರ.
ಕೊಡೆ, ಹಡಗು, ಅನಾನಸು, ಟೈ ಕಟ್ಟಿದ ಕರಡಿ.
ಚುಲೂನ್‌ಗೆ ಒಂಬತ್ತು ವರ್ಷ. ಹಡಗನ್ನು ನೋಡುತ್ತಾನೆ,
ನನ್ನನ್ನು ನೋಡುತ್ತಾನೆ. ಸೊನ್ನೆ ಬರೆಯುತ್ತೇನೆ.
ಬರೆದ ಮೇಲೆ ಹೊಳೆಯುತ್ತದೆ:
ಕಡಲೇ ಇಲ್ಲದ ಮಂಗೋಲಿಯಾದ ಹುಡುಗ,
ಈ ಪದ ಇವನ ಬಳಿ ಇತ್ತೆಂದು ಯಾರು ಹೇಳಿದರು?

ಜುಲೈ ತಿಂಗಳ ಓಟದಲ್ಲಿ, ಗುರಿ ಇನ್ನೂರು ಮಾರು ಇರುವಾಗ
ಕುದುರೆ ಮುಗ್ಗರಿಸಿತು.
ತಲೆಯ ಎಡಭಾಗ, ಮೂಳೆ ಒಳಕ್ಕೆ.
ಗಾಯ ಮಾಯಿತು. ಕೂದಲೂ ಬಂತು, ಹೊಲಿಗೆಯ ಗೆರೆಯೊಂದು ಬಿಟ್ಟು.
ಆಡಿದರೆ ಹೋಯಿತು ಅನ್ನುತ್ತಾರೆ ಮಾತನ್ನು;
ಇವನದು ಆಡದೆಯೇ ಹೋಗಿದೆ.

ಹಾಲಿಗೆ ‘ಹಿಮ’ ಅಂದ ಒಂದು ದಿನ.
ಅಮ್ಮನಿಗೆ ‘ಹಾಲು’.
ತನ್ನ ಗುಡಾರ ಬಿಟ್ಟು ಪಕ್ಕದ್ದಕ್ಕೆ ನುಗ್ಗಿದ ಹಾಗೆ ಅಷ್ಟೇ,
ದೂರವೇನೂ ಹೋಗಿಲ್ಲ, ಎಂದು ಅವಳಿಗೆ ತಿಳಿಹೇಳಿದೆ.
ಅವಳು ಕಾರಿಡಾರಿಗೆ ಹೋಗಿ ಅತ್ತು ಬಂದಳು.
ಬಂದವಳೇ ಥರ್ಮಾಸಿನಿಂದ ಉಪ್ಪು ಚಹಾ ಬಗ್ಗಿಸಿ
‘ಕುಡಿಯಿರಿ’ ಅಂದಳು, ನನಗೆ.

ಕೊನೆಗೆ ನಾನೇ ಚಿತ್ರ ಬರೆದೆ:
ಒಲೆ, ಸಗಣಿ ಬುಟ್ಟಿ, ಒಣಗಿಸಿದ ಮೊಸರಿನ ಬಿಲ್ಲೆ, ಜೀನಿನ ಪಟ್ಟಿ.
ನನಗೆ ಚಿತ್ರ ಬರುವುದಿಲ್ಲ. ನನ್ನ ಕುದುರೆ ಕುರಿಯ ಹಾಗಿತ್ತು.
ಅವನು ನಕ್ಕ. ನಗುವಿಗೆ ಪೆಟ್ಟಾಗಿರಲಿಲ್ಲ.

ಗುರುವಾರ ಅಪ್ಪ ಬಂದ, ಎರಡು ದಿನದ ದಾರಿ.
ಟೋಪಿ ತೊಡೆಯ ಮೇಲೆ.
ಏನು ಮಾತಾಡಬೇಕೆಂದು ತಿಳಿಯದೆ
ನನ್ನ ಕುರಿಗುದುರೆ ತೋರಿಸಿ ಕೇಳಿದ:
‘ನಮ್ಮ ಕಂದು ಕುದುರೆ ಇದು, ಅಲ್ಲವೇನೋ?’

‘ಅಲ್ಲ.’

ನನ್ನ ಪೆನ್ಸಿಲು ನಿಂತಿತು.
ಹುಡುಗನ ಕುತ್ತಿಗೆಯ ನರ ಬಿಗಿದಿದೆ. ಬಲಗೈ ಮಲಗಿದೆ,
ಎಡಗೈ ಗಾಳಿಯಲ್ಲಿ ಒಂದು ಬೆನ್ನು ಸವರುತ್ತಿದೆ.
‘ಹೊ... ಹೊಗೆ. ಅಲ್ಲ. ಹಿಮ. ಅಲ್ಲ ಅಲ್ಲ.’
ತಡೆಯಿರಿ, ಎಂದು ಅಪ್ಪನಿಗೆ ಸನ್ನೆ ಮಾಡಿದೆ.
ಪದ ಎತ್ತಿಕೊಡಲು ನನ್ನ ನಾಲಿಗೆಯೂ ತುರಿಸುತ್ತಿತ್ತು.
ಗೋಡೆಯ ಗಡಿಯಾರದಲ್ಲಿ ನಲವತ್ತು ಸೆಕೆಂಡು.

‘ಬೂದು,’ ಅಂದ. ‘ಬೂದು.’
ಆಮೇಲೆ ಅಪ್ಪನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿ:
‘ಬೂದು ಎಲ್ಲಿ?’

ಆಗಸ್ಟಿನಲ್ಲೇ ಮಾರಿದ್ದರು, ಆಸ್ಪತ್ರೆಯ ಖರ್ಚಿಗೆ.
ಅಪ್ಪ ಟೋಪಿ ತಿರುಗಿಸಿದ, ಇನ್ನೊಮ್ಮೆ ತಿರುಗಿಸಿದ.
ನಾನು ಚಿತ್ರಗಳನ್ನು ಒಂದೊಂದಾಗಿ ಮಗುಚಿದೆ:
ಒಲೆ, ಬುಟ್ಟಿ, ಮೊಸರು, ಪಟ್ಟಿ.
ಹುಡುಗ ಕಾಯುತ್ತಿದ್ದ,
ದಿನವೂ ನಾನು ಅವನಿಗೆ ಕಾಯುವ ಹಾಗೆ,
ಪದ ಎತ್ತಿಕೊಡದೆ.