ಎಸೆಯುವ ಮುಲಾಮು

ಗ್ಯೋರ್ಲಿಟ್ಸ್ ಊರಿನ ಹಳೆಯ ಔಷಧಾಲಯ, ಹಿಂಕೋಣೆ.
ಕಿಟಕಿಯಾಚೆ ನೈಸೆ ಹೊಳೆ, ಹೊಳೆಯಾಚೆ ಪೋಲೆಂಡ್.
ಗುರುವಾರ ಸಂಜೆ ಬಾಗಿಲಿಗೆ ಬೀಗ ಬಿದ್ದ ಮೇಲೆ
ಮೂವರಿಗೆ ಪಾಠ ಹೇಳುತ್ತೇನೆ.
ಮೂವರೂ ಬಲ್ಲವರು. ಬಲ್ಲೆವೆಂದು ತೋರಿಸಲು ಕಲಿಯುತ್ತಿದ್ದಾರೆ.

ಎಫ್ರಾಯಿನ್ ಓದಿದ್ದು ಪೊಟೊಸಿಯಲ್ಲಿ, ಮೋಡಕ್ಕೆ ತಲೆ ತಾಗುವ ಊರು.
ಅಲ್ಲಿ ನೀರು ಎಂಬತ್ತಾರು ಡಿಗ್ರಿಗೇ ಕುದಿಯುತ್ತದಂತೆ,
ಕಷಾಯವಿಟ್ಟು ಕಾಯುವುದೇ ಮೊದಲ ವರ್ಷದ ವಿದ್ಯೆಯಂತೆ.
ಇಳಿಸಪ್ಪ, ಸಾಕು, ಅಂದರೂ
ಒಲೆಯ ಮುಂದೆ ಕೈಕಟ್ಟಿ ನಿಂತೇ ಇರುತ್ತಾನೆ.
ಬೆಟ್ಟ ಇಳಿದಿಲ್ಲ ಇನ್ನೂ.

ಒಲೆಸ್ಯಾ ಪೊಲ್ತಾವಾದವಳು. ಎರಡು ಬೇಸಗೆ
ಹುಲ್ಲುಗಾವಲಲ್ಲಿ ಮಂಡಿಯೂರಿ ಗಿಡ ಗುರುತಿಸಿದವಳು.
ಕಣ್ಣು ಮುಚ್ಚಿ, ಮೂಸಿ, ಲ್ಯಾಟಿನ್ನಿನಲ್ಲಿ ಹೆಸರು ಹೇಳುತ್ತಾಳೆ,
ಹೇಳಿ ಸೀನುತ್ತಾಳೆ.
ಮೂಲಿಕೆಯ ಪಂಡಿತೆಗೆ ಪರಾಗ ಆಗಿಬರದು.

ಆಮೇಲೆ ನಿಸ್ರೀನ್.
ದೇರ್ ಎಜ಼ೋರಿನಲ್ಲಿ ಒಂಬತ್ತು ವರ್ಷ ಸ್ವಂತ ಅಂಗಡಿ,
ಕೈಕೆಳಗೆ ಇಬ್ಬರು ಹುಡುಗರು.
ಒಳಗೆ ಗೋಡೆಯುದ್ದಕ್ಕೂ ಮದ್ದಿತ್ತು.
ಒಂದು ಬೆಳಗ್ಗೆ ಮೇಲಿಂದಲೂ ಮದ್ದೇ ಬಿತ್ತು.
ಅಷ್ಟು ಹೇಳಿ ತಕ್ಕಡಿಯ ಸೊನ್ನೆ ಸರಿಪಡಿಸಿದಳು.

ಈಗ ಸರ್ಕಾರ ಅವಳನ್ನು ಕೇಳುತ್ತಿದೆ:
ಐವತ್ತು ಗ್ರಾಂ ಸತುವಿನ ಮುಲಾಮು ಮಾಡಬಲ್ಲೆಯಾ?
ಮಾಡಿದ್ದನ್ನು ಜರ್ಮನ್ನಿನಲ್ಲಿ ಬರೆಯಬಲ್ಲೆಯಾ?

ಜರಡಿ ಹಿಡಿ. ಅರೆ.
ಪುಡಿ ಇದ್ದಷ್ಟೇ ಜಿಡ್ಡು ಹಾಕು, ಅರೆ.
ಈಗ ಇರುವಷ್ಟೇ ಮತ್ತೆ ಹಾಕು.
ಬಟ್ಟಲಿನ ಗೋಡೆ ಕೆರೆದು ತಳಕ್ಕೆ ತಾ, ಅರೆ.
ಕೆರೆಯುವ ಕಾರ್ಡು ಅವತ್ತು ಮುಗಿದಿತ್ತು.
ಪರ್ಸಿನಿಂದ ಅವಳೊಂದು ತೆಗೆದಳು:
ಪ್ಲಾಸ್ಟಿಕ್ ಹೊದಿಸಿದ್ದು, ಹಸಿರು ಅಂಚು, ಸಂಘದ ಮುದ್ರೆ,
ಮೂಲೆಯಲ್ಲಿ ತೆಳ್ಳಗಿನ ಹುಡುಗಿಯೊಬ್ಬಳ ಫೋಟೊ.
"ಇದು ಎಲ್ಲೂ ನಡೆಯುವುದಿಲ್ಲ. ಇಲ್ಲಾದರೂ ನಡೆಯಲಿ."
ನಿಯಮ ಬೇಡ ಅನ್ನುತ್ತದೆ. ನಾನೂ ಅನ್ನಬೇಕಿತ್ತು.
ಸ್ಪಿರಿಟ್ಟಿನಲ್ಲಿ ಒರೆಸಿಕೊ, ಅಂದೆ,
ಹೇಗೂ ಎಸೆಯುವ ಮುಲಾಮು.

ಅವರಿಗೆ ನಾನು ಹೇಳಿಲ್ಲ:
ತೊಂಬತ್ತರಲ್ಲಿ ನಾನು ದೇಶ ಬಿಡಲಿಲ್ಲ, ದೇಶವೇ ನನ್ನನ್ನು ಬಿಟ್ಟಿತು.
ಇದೇ ಕೋಣೆ. ಇದೇ ಹೊಳೆ.
ನೋಡನೋಡುತ್ತ ಖಾನೆಗಳ ಹೆಸರೆಲ್ಲ ಬೇರೆ,
ಕೆಮ್ಮು ಮಾತ್ರ ಹಳೆಯದು.
ಮೂವತ್ತೆರಡರ ವಯಸ್ಸಿಗೆ ಟ್ರಾಮಿನಲ್ಲಿ ತುಟಿಯಲುಗಿಸುತ್ತ
ಹೊಸ ಡಬ್ಬಿಗಳ ಹೆಸರು ಉರುಹೊಡೆದೆ.
ಪಶ್ಚಿಮದಿಂದ ಬಂದ ಮಾರಾಟದ ಹುಡುಗ, ಒಳ್ಳೆಯವನೇ,
ಮೆಲ್ಲಗೆ ಕೇಳಿದ: ನಿಮ್ಮ ಕಡೆಯೂ ಇದನ್ನೆಲ್ಲ ಓದಿಸುತ್ತಿದ್ದರಾ?
ಈಗಲೂ ಅರೆನಿದ್ದೆಯಲ್ಲಿ ಕೈ ಮೂರನೆಯ ಖಾನೆಗೆ ಹೋಗುತ್ತದೆ.
ಅಲ್ಲಿ ಬೇರೇನೋ ಇದೆ.

ಪರೀಕ್ಷೆಯ ತಾಲೀಮಿನಲ್ಲಿ ರೋಗಿ ನಾನೇ. ಬೆನ್ನುನೋವು.
ಎಷ್ಟು ದಿನದಿಂದ, ಬೇರೆ ಯಾವ ಮಾತ್ರೆ,
ರಕ್ತ ತೆಳುವಾಗಲು ಏನಾದರೂ ನುಂಗುತ್ತೀರಾ,
ಇವಿಷ್ಟು ಕೇಳಬೇಕು, ನಾಲ್ಕು ನಿಮಿಷ.
ನಿಸ್ರೀನ್ ಕೇಳಿದಳು:
ಮನೆಯಲ್ಲಿ ಭಾರ ಎತ್ತುವವರು ನೀವೊಬ್ಬರೇನಾ?
ತಪ್ಪು, ಎಂದು ಗುರುತು ಹಾಕಿದೆ. ಹಾಕಿ,
ಬಹಳ ಹೊತ್ತು ಉತ್ತರ ಹೇಳುತ್ತ ಕೂತೆ.
ಕೈಗುಣಕ್ಕೆ ನಮ್ಮ ನಮೂನೆಯಲ್ಲಿ ಜಾಗವಿಲ್ಲ.

ಮುಲಾಮನ್ನು ಗಾಜಿಗೆ ಬಳಿದು ದೀಪಕ್ಕೆ ಹಿಡಿದೆ.
ಒಂದು ಕಾಳಿಲ್ಲ.
ಚೀಟಿಯಲ್ಲಿ ತೂಕ ಬರೆದಳು, ದಿನಾಂಕ ಬರೆದಳು,
'ತಯಾರಿಸಿದವರು' ಎಂಬಲ್ಲಿ ಬಲಗಡೆಯಿಂದ ಶುರುಮಾಡಿ
ಹೊಡೆದುಹಾಕಿ ಎಡಗಡೆಯಿಂದ ಬರೆದಳು.
ಕಾರ್ಡು ಒರೆಸಿ ಪರ್ಸಿಗಿಟ್ಟಳು. ಪೂರ್ತಿ ಒರೆಸಿರಲಿಲ್ಲ,
ಆ ಹುಡುಗಿಯ ಕೆನ್ನೆಯ ಮೇಲೆ ಬಿಳಿ ಸತು.

ಎಫ್ರಾಯಿನ್, ಒಲೆ ಆರಿಸೋ, ಎಂಟು ಗಂಟೆ.

ಡಬ್ಬಿ ನನ್ನ ಕೋಟಿನ ಜೇಬಿನಲ್ಲಿದೆ.
ಈ ಚಳಿಗೆ ಬೆರಳ ಗೆಣ್ಣು ಒಡೆಯುತ್ತದೆ ನನಗೆ.