ಅಂಚಿನಲ್ಲಿ ಪೆನ್ಸಿಲ್

ಓಲೊಮೋಟ್ಸ್ ಊರಿನ ಗ್ರಂಥಾಲಯದಲ್ಲಿ
ಶುಕ್ರವಾರ ಸಂಜೆ ನನ್ನ ಪಾಲಿಗೆ ರಬ್ಬರು:
ವಾಪಸು ಬಂದ ಪುಸ್ತಕಗಳ ಅಂಚು ತಿಕ್ಕಿ
ಓದಿದವರ ಮಾತನ್ನೆಲ್ಲ ಪುಡಿ ಮಾಡುವುದು.

ಇವತ್ತು ಕೈಗೆ ಬಂದದ್ದು ಆ ಪ್ರಹಸನ.
ಬೇರೆಯಾಗುವ ಗಂಡಹೆಂಡಿರು ಏಣಿಯೊಂದನ್ನು
ಉದ್ದಕ್ಕೆ ಸೀಳಿ ಪಾಲು ಮಾಡಿಕೊಳ್ಳುತ್ತಾರೆ.
ಮೂರು ಅಂಕ ಪೂರ್ತಿ
ತಂತಮ್ಮ ಅರೆ ಏಣಿ ಹತ್ತುತ್ತಾರೆ, ಬೀಳುತ್ತಾರೆ.
ನ್ಯಾಯಾಧೀಶರು ಕೆಳಗೆ ಕೂತು ಸೂಪು ಕುಡಿಯುತ್ತಾರೆ.

“ತಲೆಬುಡವಿಲ್ಲ.” ಪುಟ ನಾಲ್ಕು, ದಂತವೈದ್ಯ ರಾಡೋವಾನನ ಕೈ;
ಅಡಿಗೆರೆ ಎಳೆದದ್ದು ಮಾತ್ರ ನಗು ಬರುವ ಕಡೆಯೆಲ್ಲ.
“ಸೂಪು ಯಾವುದರದು?” ಇದು ಯಾವುದೋ ಮಗು.
“ಪರೀಕ್ಷೆಗೆ ಬರುತ್ತೆ: ಏಣಿ ಅಂದರೆ ಸಮಾಜ.”
ಅದಕ್ಕೊಂದು ಬಾಣ ಹಾಕಿ ಇನ್ನೊಬ್ಬರು:
“ಏಣಿ ಅಂದರೆ ಏಣಿ, ಕತ್ತೆ.”
ಹಾವ್ರಾಂಕೋವಾ ಅಮ್ಮ, ನಡುಗುವ ಅಕ್ಷರದಲ್ಲಿ:
“ಇದರಲ್ಲಿ ಅಸಂಗತ ಏನು ಬಂತು?
ನಾವು ರೇಡಿಯೊ ಹಂಚಿಕೊಂಡೆವು.
ಸದ್ದು ಅವರು ಒಯ್ದರು.
ಪೆಟ್ಟಿಗೆಯನ್ನು ಈಗಲೂ ಒರೆಸುತ್ತೇನೆ.”

ಎಲ್ಲವನ್ನೂ ತಿಕ್ಕಿದೆ. ಅಮ್ಮನದಕ್ಕೆ ಕೈ ತಡೆಯಿತು;
ಟ್ರಾಮಿಗೆ ಹೊತ್ತಾಯಿತೆಂದು ಅದನ್ನೂ ತಿಕ್ಕಿದೆ.

ಕೊನೆಯ ಪುಟ. ಎಡಕ್ಕೆ ವಾಲಿದ ಅಕ್ಷರ,
ಬೆನ್ನುನೋವಿನವನು ನಿಂತ ಹಾಗೆ.
ಹನ್ನೊಂದು ವರ್ಷ ಹಾಲಿನ ಚೀಟಿಗಳಲ್ಲಿ
ಓದಿದ್ದೇನೆ ಈ ಕೈಯನ್ನು:
“ನಾಟಕ ಪರವಾಗಿಲ್ಲ. ಲೆಕ್ಕ ತಪ್ಪು.
ಇವರ ಏಣಿಗೆ ಏಳೇ ಮೆಟ್ಟಿಲು,
ನಮ್ಮದಕ್ಕೆ ಒಂಬತ್ತಿತ್ತು.”

ರಬ್ಬರು ಕೆಳಗಿಟ್ಟೆ.
ಗೋಡೆಯ ಮೇಲೆ ನಿಯಮ ಆರು: ಶಾಯಿ ಕೂಡದು.
ಶಾಯಿಯಲ್ಲೇ ಬರೆದೆ, ಒತ್ತಿ:
ಎಂಟು, ಓತ್ಮಾರ್. ಎಂಟು.
ಮೇಲಿನದನ್ನು ಮುರಿದವನು ನೀನೇ,
ಪಕ್ಕದವಳ ಏಪ್ರಿಕಾಟ್ ಕೀಳಲು ಹೋಗಿ.